ಹೊಳೆಕೊಪ್ಪ ಲೈನಿನ ಇಬ್ಬನಿ

ಹೋದ ಜನವರಿಯಲ್ಲಿ ಆಫೀಸಿನ ಕೆಲಸದ ಮೇಲೆ ತೀರ್ಥಹಳ್ಳಿಗೆ ಹೋಗಿ ಪ್ರವಾಸಿ ಮಂದಿರದಲ್ಲಿ ಉಳಿದಿದ್ದೆ. ಬೆಳಿಗ್ಗೆ ಬೇಗ ಹೊರಡಬೇಕಿತ್ತು. ಹೊರಗೆ ಬಂದು ನೋಡಿದರೆ ಜೀಪಿನ ಮುಂಗಾಜಿನ ಮೇಲೆ ಹಿಂದಿನ ದಿನದ ಕೆಂಪು ದೂಳು, ದೂಳಿನ ಮೇಲೆ ಇಬ್ಬನಿ. ಡ್ರೈವರ್ ವೈಪರ್ ಹಾಕಿದ. ಗಾಜಿನ ಮೇಲೆ ಕೆಸರಿನ ಎರಡು ಕಮಾನು ಮೂಡಿದವು. ನೆಂದ ದೂಳಿನ ವಾಸನೆ ಬಂತು. ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಗೆ ಇದು ಹತ್ತಿರದ್ದು, ಆದರೆ ಅಷ್ಟು ಜೋರಲ್ಲ. ತಣ್ಣಗೆ, ಮೂಗಿನ ತುದಿಗೆ ಮಾತ್ರ ತಾಕುವಂಥದ್ದು. ಬಾಟಲಿಯ ನೀರು ಸುರಿಯಲು ಹೊರಟವನಿಗೆ "ಒಂದು ನಿಮಿಷ ಇರಪ್ಪ" ಅಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ. ನಾನು ಆ ಗಾಜಿನ ಮುಂದೆ ನಿಂತು ಹದಿನಾಲ್ಕು ವರ್ಷ ಹಿಂದಿನ ಒಂದು ಚಳಿಗಾಲವನ್ನು ನೋಡುತ್ತಿದ್ದೆ.

ಆಗ ನಾನು ಜೂನಿಯರ್ ಎಂಜಿನಿಯರ್. ಅದು ನನ್ನ ಮೊದಲ ಪೋಸ್ಟಿಂಗ್. ನನ್ನ ಊರು ಚಳ್ಳಕೆರೆ ಕಡೆ. ಕುರಿ, ಕಡಲೆಕಾಯಿ, ಬಿಸಿಲು ಬಿಟ್ಟರೆ ನನಗೆ ಬೇರೆ ಗೊತ್ತಿರಲಿಲ್ಲ. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮ ಸೆಕ್ಷನ್ ಆಫೀಸು. ಎರಡು ಕೋಣೆ, ಒಂದು ಹಳೇ ಜೀಪು, ಐದು ಜನ ಲೈನ್‌ಮನ್‌ಗಳು. ಪಕ್ಕದಲ್ಲೇ ಸಬ್‌ಸ್ಟೇಷನ್. ಅಲ್ಲಿಂದ ಹೊರಡುವ ಲೈನುಗಳಲ್ಲಿ ಒಂದು ಹೊಳೆಕೊಪ್ಪ ಲೈನು. ರಸ್ತೆಯ ಪಕ್ಕದಲ್ಲೇ ಸಾಗಿ, ಆಮೇಲೆ ಗದ್ದೆ ಬಯಲು ದಾಟಿ, ಏಳೆಂಟು ಹಳ್ಳಿಗೆ ಕರೆಂಟು ಕೊಡುತ್ತಿತ್ತು.

ಆ ಲೈನು ಹೂವಪ್ಪನವರದು. ನಿವೃತ್ತಿಗೆ ಇನ್ನು ಒಂದೂವರೆ ವರ್ಷ ಉಳಿದಿದ್ದ, ಎತ್ತರದ, ಒಣಕಲು ಮೈಯ ಮನುಷ್ಯ. ಹುಡುಗನಾಗಿದ್ದಾಗ ಜೋಗದ ಕಾಲೊನಿಯಲ್ಲಿ ಕೂಲಿಯಾಗಿ ಸೇರಿ, ಟವರ್ ಲೈನ್ ಎಳೆಯುವ ಕೆಲಸದಲ್ಲಿ ಹಗ್ಗ ಹಿಡಿದು, ಆಮೇಲೆ ಲೈನ್‌ಮನ್ ಆದವರು. ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಈಗ ಅವರ ಹೆಸರಿಗೇ ಇತ್ತು. ಬೆಳಿಗ್ಗೆ ಗದ್ದೆ, ಆಮೇಲೆ ಲೈನು. ನನ್ನ ನಕ್ಷೆಯಲ್ಲಿ ಕಂಬಗಳಿಗೆ ನಂಬರು ಇದ್ದರೆ ಅವರ ಬಾಯಲ್ಲಿ ಹೆಸರಿದ್ದವು. ಜೇನಿನ ಕಂಬ, ಕಾಲುಸೇತುವೆಯ ಹತ್ತಿರದ ಸಂಕದ ಕಂಬ, ಭಟ್ಟರ ಬೇಲಿ ಕಂಬ. "ನಲವತ್ತೊಂದನೇ ಪೋಲ್ ಎಲ್ಲಿ?" ಅಂತ ನಾನು ಕೇಳಿದರೆ ಒಂದು ಕ್ಷಣ ಯೋಚಿಸಿ, "ಓ, ನವಿಲು ಕೂರ್ತದಲ, ಅದಾ?" ಅನ್ನುತ್ತಿದ್ದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಮಳೆ ಪೂರ್ತಿ ಬಿಟ್ಟಿತು. ಆಕಾಶ ತೊಳೆದ ಹಾಗೆ ನೀಲಿಯಾಯಿತು. ಚಳಿ ಶುರುವಾಯಿತು. ಮಳೆ ನಿಂತ ಕೂಡಲೇ ರಸ್ತೆ ಅಗಲ ಮಾಡುವ ಕೆಲಸವೂ ಶುರುವಾಯಿತು. ಗುಡ್ಡ ಕಡಿದ ಕೆಮ್ಮಣ್ಣು ಹೊತ್ತ ಲಾರಿಗಳು ಹಗಲೆಲ್ಲ ಓಡಾಡಿದವು. ಸಂಜೆ ಆಫೀಸಿನ ಮೇಜು ಒರೆಸಿದರೆ ಬಟ್ಟೆ ಕೆಂಪಾಗುತ್ತಿತ್ತು. ಇದಕ್ಕೂ ಕರೆಂಟಿಗೂ ಸಂಬಂಧವಿದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ನವೆಂಬರ್ ಕೊನೆಯ ವಾರದ ಒಂದು ಬೆಳಿಗ್ಗೆ ಆರಕ್ಕಿಂತ ಮೊದಲೇ ನನ್ನ ಫೋನ್ ಹೊಡೆದುಕೊಂಡಿತು.

"ಮೇಡಂ, ನಾನು ಹೊಳೆಕೊಪ್ಪದ ಗೀತಾ. ಅಂಗನವಾಡಿ ಟೀಚರ್. ಕರೆಂಟ್ ಹೋಯ್ತು. ಬೇಗ ಕೊಡ್ತೀರಾ? ನಮ್ಮತ್ತೆ ಮಶೀನಲ್ಲಿ ಇದಾರೆ."

"ಯಾವ ಮಶೀನು?"

"ಆಕ್ಸಿಜನ್ ಮಶೀನು ಮೇಡಂ."

ನಾನು ಹಾಸಿಗೆಯಿಂದ ಎದ್ದು ಕೂತೆ. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದರೆ ಹೊಳೆಕೊಪ್ಪ ಲೈನು ತಾನಾಗಿ ಕಡಿದುಕೊಂಡು ಟ್ರಿಪ್ ಆಗಿದೆ, ಎರಡು ಸಲ ಚಾರ್ಜ್ ಮಾಡಿ ಕರೆಂಟು ಹರಿಸಿದರೂ ಉಳಿಯಲಿಲ್ಲ ಎಂದರು. ಹೂವಪ್ಪ ಲೈನಿನುದ್ದಕ್ಕೂ ಗಸ್ತು ಹೋದರು. ಎಲ್ಲೂ ತಂತಿ ಹರಿದಿರಲಿಲ್ಲ, ಮರ ಬಿದ್ದಿರಲಿಲ್ಲ. ಬಿಸಿಲು ಬಂದ ಮೇಲೆ, ಎಂಟು ಗಂಟೆಯ ಸುಮಾರಿಗೆ, ಮತ್ತೆ ಚಾರ್ಜ್ ಮಾಡಿದಾಗ ಏನೂ ಆಗದ ಹಾಗೆ ಕರೆಂಟು ಉಳಿದುಕೊಂಡಿತು. ಎರಡು ದಿನ ಬಿಟ್ಟು ಮತ್ತೆ ಅದೇ ಹೊತ್ತಿಗೆ ಹೋಯಿತು. ಆಮೇಲೆ ಸಾಲಾಗಿ ನಾಲ್ಕು ದಿನ. ಪ್ರತಿ ಬೆಳಿಗ್ಗೆ ಗೀತಾಳ ಫೋನು.

ಒಂದು ದಿನ ಅವರ ಮನೆಗೇ ಹೋದೆ. ಗೀತಾಳ ಅತ್ತೆ ಸರೋಜಮ್ಮ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು. ಶ್ವಾಸಕೋಶ ಸೋತುಹೋಗಿತ್ತು. ಕಿಟಕಿಯ ಪಕ್ಕದ ಮಂಚದಲ್ಲಿ ಎರಡು ದಿಂಬಿಗೆ ಒರಗಿ ಕೂತಿದ್ದರು. ಮೂಗಿಗೆ ತೆಳ್ಳನೆಯ ಪೈಪು, ಮಂಚದ ಕೆಳಗೆ ಗುಂಯ್ ಎನ್ನುವ ಯಂತ್ರ. ಕರೆಂಟು ಹೋದರೆ ಆ ಯಂತ್ರ ಕೂಗಿಕೊಂಡು ನಿಲ್ಲುತ್ತಿತ್ತು. ಮನೆಯ ಹಳೇ ಇನ್ವರ್ಟರ್ ಅದನ್ನು ಹತ್ತು ನಿಮಿಷವೂ ಎಳೆಯುತ್ತಿರಲಿಲ್ಲ. ಗೀತಾಳ ಗಂಡ ಹಾಲಿನ ವ್ಯಾನ್ ಓಡಿಸುತ್ತಿದ್ದ. ಆ ಹೊತ್ತಿಗೆ ಮನೆಯಲ್ಲಿ ಇರುತ್ತಿರಲಿಲ್ಲ. ಇವಳೊಬ್ಬಳೇ ಕತ್ತಲಲ್ಲಿ ಟಾರ್ಚ್ ಕಚ್ಚಿಕೊಂಡು ಪೈಪನ್ನು ಸಿಲಿಂಡರಿಗೆ ಬದಲಾಯಿಸಬೇಕು. ಸಿಲಿಂಡರ್ ತೀರ್ಥಹಳ್ಳಿಯಲ್ಲಿ ತುಂಬಿಸಿ ತರಬೇಕು.

"ಬೈಯೋದಕ್ಕೆ ಫೋನ್ ಮಾಡೋದಲ್ಲ ಮೇಡಂ," ಅಂದಳು ಗೀತಾ, ಕಾಫಿ ಕೊಡುತ್ತ. "ಎಷ್ಟೊತ್ತಿಗೆ ಬರ್ತದೆ ಅಂತ ಗೊತ್ತಾದ್ರೆ ಸಿಲಿಂಡರ್ ಎಷ್ಟು ತಿರುಗಿಸ್ಬೇಕು ಅಂತ ಅಂದಾಜಾಗ್ತದೆ. ಅಷ್ಟೇ."

ಸರೋಜಮ್ಮ ಎರಡೆರಡು ಪದಕ್ಕೆ ಒಮ್ಮೆ ಉಸಿರು ತೆಗೆದುಕೊಂಡು ಮಾತಾಡುತ್ತಿದ್ದರು. "ಎಂಜಿನಿಯರ್ ಅಂದ್ರೆ... ದೊಡ್ಡ ಮೀಸೆಯವರು ಬರ್ತಾರೆ... ಅಂದ್ಕೊಂಡಿದ್ದೆ," ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಹೇಳಬೇಕು. ಅದು ನನಗೆ ಹೆಮ್ಮೆಯ ವಿಷಯವಲ್ಲ. ಸಾಗರದಿಂದ ನಮ್ಮ ಮೇಲಧಿಕಾರಿಗಳು ದಿನಾ ಕೇಳುತ್ತಿದ್ದರು: "ಏನ್ರೀ ಅದು, ಒಂದು ಲೈನ್ ಟ್ರಿಪ್ ಆಗದಂಗೆ ನೋಡ್ಕೊಳ್ಳೋಕೆ ಆಗಲ್ವಾ? ಕಾರಣ ಬರೆದು ಕಳಿಸಿ." ನನ್ನ ಬಳಿ ಕಾರಣ ಇರಲಿಲ್ಲ. ಇಂಥ ಟ್ರಿಪ್ ಆದಾಗ ಎಲ್ಲರೂ ಬರೆಯುವ ಒಂದು ಕಾರಣವಿದೆ, ತಂತಿಗೆ ಮರದ ಕೊಂಬೆ ತಾಗುವುದು. ಒಂದು ಮಧ್ಯಾಹ್ನ ನಾನೂ ಅದನ್ನೇ ಬರೆದೆ. ಕೊಂಬೆಗಳನ್ನು ಸರಿಯಾಗಿ ಕಡಿದಿಲ್ಲ, ಗಸ್ತು ಸಮರ್ಪಕವಾಗಿ ನಡೆದಿಲ್ಲ ಎಂದು. ಲೈನ್ ನೋಡದೆ, ಮೇಜಿನ ಮುಂದೆ ಕೂತು ಬರೆದ ಎರಡು ಸಾಲು. ಕಳಿಸಿ ನಿರಾಳವಾದೆ.

ನಾಲ್ಕು ದಿನದ ಮೇಲೆ ಸಾಗರದಿಂದ ಹೂವಪ್ಪನವರ ಹೆಸರಿಗೆ ನೋಟಿಸು ಬಂತು. ಕರ್ತವ್ಯಲೋಪಕ್ಕೆ ಏಕೆ ಅಮಾನತು ಮಾಡಬಾರದು, ಹದಿನೈದು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಿ ಎಂದು. ನಾನೇ ಅದನ್ನು ಅವರ ಕೈಗೆ ಕೊಡಬೇಕಾಯಿತು. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ನನ್ನ ಎರಡೂ ಸಾಲು ಅದರಲ್ಲಿ ಹಾಗೆಯೇ ಇದ್ದವು.

"ಹೂವಪ್ಪನವರೇ, ಅದು ನಾನು ಬರೆದಿದ್ದು," ಅಂದೆ.

"ಗೊತ್ತು ಮೇಡಂ." ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ಮೇಲಿಂದ ಕೇಳ್ತಿದ್ರಲ, ಎಂತಾದ್ರೂ ಬರೀಬೇಕಿತ್ತು ನೀವು. ಅದಿರ್ಲಿ. ನನಗೆ ಒಂದು ಅನುಮಾನ ಅದೆ. ಹೇಳ್ಲಾ?"

"ಹೇಳಿ."

"ನೀವು ನಗಬಾರ್ದು." ಅವರು ತಮ್ಮ ಖಾಕಿ ಪ್ಯಾಂಟನ್ನು ಮೊಣಕಾಲ ಹತ್ತಿರ ಹಿಡಿದು ತೋರಿಸಿದರು. "ಲೈನ್ ಹೋದ ದಿನ ನಾನು ಗಸ್ತಿಗೆ ಹೋದ್ರೆ ಇಲ್ಲೀ ತನಕ ಒದ್ದೆ. ಹುಲ್ಲಲ್ಲಿ ನೀರು ಸುರಿದಂಗೆ ಇಬ್ಬನಿ. ಲೈನ್ ಹೋಗದಿದ್ದ ದಿನ ಗದ್ದೆಗೆ ಹೋಗಿ ಬಂದ್ರೂ ಪ್ಯಾಂಟು ಒಣ. ಮೊನ್ನೆ ಎರಡು ದಿನ ಮೋಡ ಆಗಿತ್ತಲ, ಆವಾಗ ಲೈನ್ ಹೋಯ್ತಾ? ಇಲ್ಲ. ಅದಕ್ಕೂ ಮುಂಚೆ ಒಂದಿನ ಗಾಳಿ ಎದ್ದಿತ್ತು. ಆವತ್ತೂ ಹೋಗ್ಲಿಲ್ಲ. ನೋಡಿ ಬೇಕಾದ್ರೆ."

ಸಬ್‌ಸ್ಟೇಷನ್ನಿನ ಲಾಗ್ ಬುಕ್ ತರಿಸಿ ನೋಡಿದೆ. ಅವರು ಹೇಳಿದ್ದು ಒಂದು ದಿನವೂ ತಪ್ಪಿರಲಿಲ್ಲ.

"ಆದರೆ ಇಬ್ಬನಿ ಪ್ರತಿ ವರ್ಷ ಇರುತ್ತಲ್ಲ?" ಎಂದೆ. "ಮಳೆಗಾಲದಲ್ಲಿ ಇಡೀ ಲೈನು ನೆನೆಯುತ್ತೆ. ಆಗ ಏನೂ ಆಗಲ್ಲ."

"ನನಗೂ ಅದೇ ಹೊಳೀತಾ ಇರ್ಲಿಲ್ಲ. ನಿನ್ನೆ ಲೈನ್ ಆಫ್ ಮಾಡ್ಸಿ ಸಂಕದ ಕಂಬ ಹತ್ತಿ ಇನ್ಸುಲೇಟರ್ ಮೇಲೆ ಬೆರಳಾಡಿಸ್ದೆ." ಹೂವಪ್ಪ ತೋರುಬೆರಳು ಮುಂದೆ ಹಿಡಿದರು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪಿತ್ತು. "ರಸ್ತೆ ದೂಳು ಮೇಡಂ. ಗೋಡೆಗೆ ಕೆಮ್ಮಣ್ಣು ಬಳಿದಂಗೆ ಕೂತದೆ. ಮಳೆ ಆದ್ರೆ ತೊಳ್ಕಂಡು ಹೋಗ್ತದೆ. ಇಬ್ಬನಿ ತೊಳೆಯೂದಿಲ್ಲ, ನೆನೆಸ್ತದೆ ಅಷ್ಟೇ."

ಕಂಬದ ತುದಿಯಲ್ಲಿ ತಂತಿಯನ್ನು ಹೊತ್ತು ಕೂರುವ ಕಂದು ಪಿಂಗಾಣಿಯ ಗುಬುಟಿಗೆ ಇನ್ಸುಲೇಟರ್ ಎನ್ನುತ್ತೇವೆ. ತಂತಿಯ ಕರೆಂಟು ಕಂಬಕ್ಕೆ ಇಳಿಯದ ಹಾಗೆ ತಡೆಯುವುದು ಅದರ ಕೆಲಸ. ಅದರ ಮೇಲೆ ಕೆಸರಿನ ಪದರ ಹಬ್ಬಿದರೆ ಕರೆಂಟಿಗೆ ದಾರಿ ಸಿಕ್ಕಿಬಿಡುತ್ತದೆ. ಕಾಲೇಜಿನಲ್ಲಿ ನಾನು ಇದನ್ನು ಓದಿದ್ದೆ. ಸಮುದ್ರದ ಉಪ್ಪು, ಕಾರ್ಖಾನೆಯ ಹೊಗೆ ಎಂದೆಲ್ಲ ಪುಸ್ತಕದಲ್ಲಿತ್ತು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಗದ್ದೆ ಬಯಲಿನ ಇಬ್ಬನಿಯಲ್ಲಿ ಅದನ್ನು ಗುರುತಿಸಿದ್ದು ಏಳನೇ ತರಗತಿಯವರೆಗೆ ಓದಿದ ಹೂವಪ್ಪ.

"ನೋಡ್ಬೇಕಾ? ನಾಳೆ ಬೆಳಿಗ್ಗೆ ಮುಂಚೆ ನಮ್ಮನೆ ಗದ್ದೆಗೆ ಬನ್ನಿ," ಅಂದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹೋದೆ. ಕೊಯ್ಲು ಮುಗಿದ ಗದ್ದೆ. ಭತ್ತದ ಕೂಳೆಯ ಪ್ರತಿ ತುದಿಯಲ್ಲಿ ಒಂದೊಂದು ಹನಿ. ಬದುವಿನ ಹುಲ್ಲು ಬಿಳಿಚಿಕೊಂಡು ನಿಂತಿತ್ತು. ಜೇಡರ ಬಲೆಗಳು ಬೇರೆ ದಿನ ಕಣ್ಣಿಗೇ ಬೀಳದವು. ಈಗ ಒಂದೊಂದು ಎಳೆಯನ್ನೂ ಎಣಿಸಬಹುದಿತ್ತು. ಗಾಳಿ ಒಂದಿಷ್ಟೂ ಇರಲಿಲ್ಲ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ನನ್ನ ಚೂಡಿದಾರದ ಅಂಚು ಹಿಂಡುವಷ್ಟು ಒದ್ದೆಯಾಯಿತು.

ಹೂವಪ್ಪ ಹಿಂದಿನ ಸಂಜೆಯೇ ಮೂರು ಹಳೇ ಇನ್ಸುಲೇಟರ್‌ಗಳನ್ನು ಇಟ್ಟಿದ್ದರು. ಮೂರೂ ರಸ್ತೆ ಬದಿಯಲ್ಲಿ ಬಿದ್ದು ದೂಳು ತಿಂದವು. ಒಂದನ್ನು ಮಾತ್ರ ತೊಳೆದು ಒರೆಸಿ ಬಯಲಲ್ಲಿ ಕಲ್ಲಿನ ಮೇಲೆ ಇಟ್ಟಿದ್ದರು. ಇನ್ನೊಂದನ್ನು ದೂಳಿನ ಸಮೇತ ಅದರ ಪಕ್ಕದಲ್ಲಿ. ಮೂರನೆಯದು ದೂಳಿನ ಸಮೇತ ಹಲಸಿನ ಮರದ ಅಡಿಯಲ್ಲಿ.

ತೊಳೆದದ್ದರ ಮೇಲೆ ಇಬ್ಬನಿ ಬಿಡಿಬಿಡಿ ಹನಿಯಾಗಿ ನಿಂತಿತ್ತು. ಒಂದು ಹನಿ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ, ನಡುವೆ ಒಣ ಪಿಂಗಾಣಿ ಹೊಳೆಯುತ್ತಿತ್ತು. ದೂಳಿನದ್ದರ ಮೇಲೆ ಒಂದು ಹನಿಯೂ ಇಲ್ಲ. ಮೇಲಿಂದ ಕೆಳಗಿನವರೆಗೆ ತೆಳ್ಳಗೆ ಕೆಸರು ಸವರಿದ ಹಾಗಿತ್ತು. ಬೆರಳಿಟ್ಟರೆ ಜಾರಿತು.

"ಈಗ ಇಲ್ಲಿ ಬನ್ನಿ," ಎಂದು ಮರದ ಅಡಿಗೆ ಕರೆದರು. ಮೂರನೆಯದನ್ನು ಎತ್ತಿ ಬಾಯಿಂದ ಉಫ್ ಎಂದು ಊದಿದರು. ಒಣ ದೂಳು ಹಾರಿ ನನ್ನ ಮುಖಕ್ಕೆ ಬಂತು. ಅದು ಇದ್ದದ್ದು ಒದ್ದೆ ಹುಲ್ಲಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ.

"ಇದಕ್ಕೆ ಯಾಕೆ ಹತ್ತಲಿಲ್ಲ?" ಎಂದೆ.

"ಮರದ ಅಡಿ ಇಬ್ಬನಿ ಆಗೂದಿಲ್ಲ ಮೇಡಂ. ಆಕಾಶ ಕಾಣೂ ಜಾಗದಲ್ಲಿ ಮಾತ್ರ. ಎಂತಕ್ಕೆ ಅಂತ ನನಗೆ ಗೊತ್ತಿಲ್ಲ. ಕಂಬದ ತಲೆ ಮೇಲೆ ಮರ ಇರೂ ಕಡೆ ಲೈನ್ ಚೆನ್ನಾಗೇ ಅದೆ ಅಂತ ಅಷ್ಟು ಹೇಳ್ತೀನಿ." ಇನ್ಸುಲೇಟರ್ ಕೆಳಗಿಟ್ಟು, "ನೋಟಿಸಲ್ಲಿ ಮರ ಕಡಿದಿಲ್ಲ ಅಂತ ಬರೆದಾರೆ. ಕಡಿದಿದ್ರೆ ಇನ್ನೂ ನಾಲ್ಕು ಕಂಬಕ್ಕೆ ಇಬ್ಬನಿ ಹತ್ತಿರ್ತಿತ್ತು," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಕಂಡದ್ದನ್ನು ಹೇಳಿದರು, ಅಷ್ಟೆ. ನನಗೆ ಮಾತ್ರ ನೆಲ ನೋಡುವ ಹಾಗಾಯಿತು.

ಸಾಗರಕ್ಕೆ ಫೋನ್ ಮಾಡಿದೆ. "ಇಬ್ಬನಿಗೆ ಲೈನ್ ಬೀಳುತ್ತೇನ್ರೀ? ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ," ಅಂದರು ಸಾಹೇಬರು. ನಾನು ಅದುವರೆಗೆ ಅವರಿಗೆ ಎದುರು ಮಾತಾಡಿದವಳಲ್ಲ. "ಸರ್, ಒಂದು ಬೆಳಿಗ್ಗೆ ಬಂದು ಕಂಬದ ಕೆಳಗೆ ನಿಂತು ನೋಡಿ. ಅಲ್ಲಿ ಏನೂ ಕಾಣದಿದ್ದರೆ ನೋಟಿಸನ್ನು ನನ್ನ ಹೆಸರಿಗೆ ಬರೆಯಿರಿ. ಆ ವರದಿ ಬರೆದವಳು ನಾನು, ಲೈನ್ ನೋಡದೇ ಬರೆದೆ," ಎಂದೆ. ಅವರು ಗಡಸು ಮನುಷ್ಯ, ಆದರೆ ಕೆಲಸ ಗೊತ್ತಿದ್ದವರು. ಬರುತ್ತೇನೆ ಎಂದರು.

ಬಂದರು ಕೂಡ. ಬೆಳಗಿನ ಐದೂವರೆಗೆ ಸಂಕದ ಕಂಬದ ಹತ್ತಿರ ಜೀಪಿನಿಂದ ಇಳಿದಾಗ ತಲೆಗೆ ಮಫ್ಲರು, ಮುಖದಲ್ಲಿ ನಿದ್ದೆಗೆಟ್ಟ ಸಿಡುಕು. ಇನ್ನೂ ನಸುಗತ್ತಲೆ. ಹೂವಪ್ಪ ಬಾಯಿ ಮೇಲೆ ಬೆರಳಿಟ್ಟು ಮೇಲೆ ತೋರಿಸಿದರು. ಮೊದಲು ಕೇಳಿಸಿದ್ದು ಸದ್ದು. ಕಾದ ಕಾವಲಿಗೆ ನೀರು ಚಿಮುಕಿಸಿದಾಗ ಬರುವಂಥ ಚುರ್ ಚುರ್. ಆಮೇಲೆ ಕಂಡಿತು. ಇನ್ಸುಲೇಟರ್ ಮೈಮೇಲೆ ನೇರಳೆ ಬಣ್ಣದ ಸಣ್ಣ ಕಿಡಿಗಳು ಹುಳುವಿನ ಹಾಗೆ ಹರಿದಾಡುತ್ತಿದ್ದವು. ಒಂದು ಕಡೆ ಆರಿ ಇನ್ನೊಂದು ಕಡೆ ಹೊತ್ತಿಕೊಳ್ಳುತ್ತಿದ್ದವು. ಮುಂದಿನ ಕಂಬದಲ್ಲೂ ಅದೇ, ಅದರಾಚೆಯದರಲ್ಲೂ ಅದೇ. ಸಾಹೇಬರು ಮಫ್ಲರು ಬಿಚ್ಚಿ ಕಿವಿ ತೆರೆದು ನಿಂತರು. ಹತ್ತು ನಿಮಿಷವಾಗಿರಬಹುದು. ಒಮ್ಮೆಗೇ ಢಬ್ ಎಂದು ಬೆಳಕು ಮಿಂಚಿತು. ಗದ್ದೆಯಾಚೆ ಹೊಳೆಕೊಪ್ಪದ ದೀಪಗಳು ಎಲ್ಲ ಒಟ್ಟಿಗೆ ಆರಿದವು. ಗೀತಾ ಈಗ ಟಾರ್ಚ್ ಹುಡುಕುತ್ತಿರುತ್ತಾಳೆ ಅಂದುಕೊಂಡೆ.

"ಎಷ್ಟು ಕಂಬ ಇವೆ ರಸ್ತೆ ಬದಿ?" ಕೇಳಿದರು ಸಾಹೇಬರು. ದನಿ ಇಳಿದಿತ್ತು.

"ಅರವತ್ತಮೂರು ಸಾರ್," ಅಂದರು ಹೂವಪ್ಪ.

"ಹಗಲು ಲೈನ್ ಆಫ್ ಮಾಡಿ ಎಲ್ಲಾ ಒರೆಸಿ. ಸಾಗರದಿಂದ ನಾಲ್ಕು ಜನನ್ನ ಕಳಿಸ್ತೀನಿ."

ಮೂರು ಹಗಲು ಕರೆಂಟು ಇರುವುದಿಲ್ಲ ಎಂದು ಹೇಳಲು ಸರೋಜಮ್ಮನ ಮನೆಗೆ ಹೋದೆವು. ಹೂವಪ್ಪನವರೇ ತೀರ್ಥಹಳ್ಳಿಯಿಂದ ಎರಡು ಹೆಚ್ಚಿನ ಸಿಲಿಂಡರ್ ತಂದು ಇಳಿಸಿದ್ದರು. ಮಳೆಗಾಲದಲ್ಲೂ ಮಳೆಯಲ್ಲಿ ನಿಂತು ಲೈನ್ ಸರಿಮಾಡುವ ಹೂವಪ್ಪನನ್ನು ಸರೋಜಮ್ಮ ಮೊದಲಿಂದ ಬಲ್ಲರು. ಹೂವಪ್ಪನವರ ಇಬ್ಬರು ಮಕ್ಕಳಿಗೂ ಅಕ್ಷರ ಕಲಿಸಿದವರು ಅವರೇ. ವಿಷಯ ಕೇಳಿ ಅವರ ಕಣ್ಣು ಅರಳಿದವು.

"ಮರದ ಅಡಿ ಒಣ ಇತ್ತಾ? ಹಂಗೇ ಇರ್ಬೇಕು," ಅಂದರು. ಒಂದು ಉಸಿರು ಎಳೆದುಕೊಂಡು ಮುಂದುವರಿಸಿದರು. "ಇಬ್ಬನಿ ಮೇಲಿಂದ ಬೀಳೂದಲ್ಲ ಹೂವಪ್ಪ. ಅಲ್ಲಲ್ಲೇ ಆಗೂದು. ರಾತ್ರಿ ಪ್ರತಿಯೊಂದು ವಸ್ತುನೂ... ಹಗಲಿನ ಬಿಸಿನ ಆಕಾಶಕ್ಕೆ ಬಿಟ್ಟು ಕೊಡ್ತದೆ. ಮೇಲೆ ಮೋಡ ಇದ್ರೆ... ಮರ ಇದ್ರೆ... ಆ ಬಿಸಿ ತಿರುಗಿ ಬರ್ತದೆ, ಕಂಬಳಿ ಹೊದ್ದಂಗೆ. ಬಯಲಲ್ಲಿ ಇದ್ದಿದ್ದು ತಣ್ಣಗಾಗ್ತದೆ. ಗಾಳಿಗಿಂತ್ಲೂ ತಣ್ಣಗೆ. ಗಾಳಿಯಲ್ಲಿರೂ ನೀರಿನ ಪಸೆ... ಅದಕ್ಕೆ ತಾಗಿದ ಕೂಡ್ಲೇ ಹನಿ ಆಗ್ತದೆ."

"ಮತ್ತೆ ಗಾಳಿ ಎದ್ದ ದಿನ?" ಹೂವಪ್ಪ ಮಂಚದ ಹತ್ತಿರ ಸರಿದರು.

"ಗಾಳಿ ಬೀಸಿದ್ರೆ... ತಣ್ಣಗಾಗೂಕೆ ಬಿಡೂದಿಲ್ಲ. ಬೆಚ್ಚಗಿನ ಗಾಳಿ ಮೇಲಿಂದ ತಂದು ತಂದು ಉಜ್ಜ್ತದೆ."

"ಅತ್ತೆ, ಸಾಕು, ಮಾತಾಡ್ಬೇಡಿ," ಎಂದಳು ಗೀತಾ.

"ಇರೇ. ಎಷ್ಟು ವರ್ಷ ಆಯ್ತು... ಯಾರಾದ್ರೂ ಪ್ರಶ್ನೆ ಕೇಳಿ," ಅಂದರು ಸರೋಜಮ್ಮ. ಹೂವಪ್ಪ ಇನ್ನೂ ಎರಡು ಪ್ರಶ್ನೆ ಕೇಳಿದರು. ಅವರು ಎರಡಕ್ಕೂ ಉತ್ತರ ಕೊಟ್ಟರು. ಡಿಗ್ರಿ ಇದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ. ಆದರೆ ಆ ಹೊತ್ತು ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುವುದರಲ್ಲೇ ಸುಖಪಟ್ಟೆ. ಇಬ್ಬನಿ ಎಲ್ಲಿ, ಯಾವ ದಿನ ಆಗುತ್ತದೆ ಎಂದು ಒಬ್ಬರು ಮೂವತ್ತು ವರ್ಷ ನಡೆದು ಕಂಡುಕೊಂಡಿದ್ದರು. ಅದು ಏಕೆ ಎಂದು ಇನ್ನೊಬ್ಬರು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದರು. ಇಬ್ಬರೂ ಒಂದೇ ಊರಿನವರು, ಈ ಮಾತು ಅವರ ನಡುವೆ ಬಂದದ್ದು ಅದೇ ಮೊದಲು.

ಮೂರು ಹಗಲು ಒಂಬತ್ತು ಜನ ಸೇರಿ ಅರವತ್ತಮೂರು ಕಂಬ ಹತ್ತಿ ಇಳಿದರು. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಸೀಳು ಬಿಟ್ಟ ಹನ್ನೊಂದು ಇನ್ಸುಲೇಟರ್ ತೆಗೆದು ಹೊಸದು ಕೂರಿಸಿದರು. ಹೂವಪ್ಪನವರ ವಯಸ್ಸಿಗೆ ಕೆಳಗೆ ನಿಂತು ಉಸ್ತುವಾರಿ ನೋಡಿದ್ದರೆ ಸಾಕಿತ್ತು. ಅವರು ಇಪ್ಪತ್ತು ಕಂಬ ಹತ್ತಿದರು. ಪ್ರತಿ ಕಂಬದ ಕೆಳಗೆ ನಿಂತು, ಲೈನ್ ಆಫ್ ಆಗಿದೆಯೇ ಎಂದು ಮತ್ತೊಮ್ಮೆ ಕೇಳಿ, ಉಳಿದ ಕರೆಂಟು ಇಳಿಯಲೆಂದು ತಂತಿಯಿಂದ ಭೂಮಿಗೆ ಸರಪಳಿ ಕಟ್ಟಿ, ಆಮೇಲೆಯೇ ಹತ್ತುತ್ತಿದ್ದರು. ಇಳಿದಾಗ ಬಟ್ಟೆ ಹಿಂಡಿದರೆ ಬಕೆಟಿನ ನೀರು ಕೆಂಪಾಗುತ್ತಿತ್ತು. ಗೀತಾಳ ಗಂಡ ಹಾಲಿನ ವ್ಯಾನಿನಲ್ಲಿ ಎಲ್ಲರಿಗೂ ಮಜ್ಜಿಗೆ, ಅವಲಕ್ಕಿ ತಂದುಕೊಟ್ಟ. ರಸ್ತೆ ಕೆಲಸದವರನ್ನೂ ಕೇಳಿಕೊಂಡೆವು. ಅವರು ದಿನಕ್ಕೆ ಎರಡು ಸಲ ಟ್ಯಾಂಕರಿನಲ್ಲಿ ನೀರು ಹೊಡೆಸಲು ಒಪ್ಪಿದರು.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಐದಕ್ಕೇ ಸಬ್‌ಸ್ಟೇಷನ್ನಿನಲ್ಲಿ ಇದ್ದೆ. ಮೋಡದ ಒಂದು ಎಳೆಯೂ ಇರಲಿಲ್ಲ. ಗಾಳಿ ಇರಲಿಲ್ಲ. ಅಂಗಳದ ಹುಲ್ಲನ್ನು ಕಾಲಿನಿಂದ ಸವರಿ ನೋಡಿದೆ, ಪಾದ ತೊಯ್ದುಹೋಯಿತು. ಆ ಚಳಿಗಾಲದ ಅತಿ ಹೆಚ್ಚಿನ ಇಬ್ಬನಿ ಅದೇ ಇರಬೇಕು. ಒಳಗೆ ಬಂದು ಹೊಳೆಕೊಪ್ಪ ಲೈನಿನ ಮೀಟರಿನ ಮುಂದೆ ಕೂತೆ. ಮುಳ್ಳು ಅಲ್ಲಾಡದೆ ನಿಂತಿತ್ತು. ಐದೂವರೆ, ಆರು, ಆರೂವರೆ. ಆಪರೇಟರ್ ಟೀ ತಂದಿಟ್ಟ, ಅದು ಆರಿಹೋಯಿತು. ಏಳಕ್ಕೆ ಕಿಟಕಿಯಲ್ಲಿ ಬಿಸಿಲು ಕಂಡಿತು. ಮುಳ್ಳು ಅಲ್ಲೇ ಇತ್ತು.

ಆಗ ಗೀತಾ ಫೋನ್ ಮಾಡಿದಳು. "ಮೇಡಂ, ಕರೆಂಟ್ ಅದೆ," ಅಂದಳು.

"ಗೊತ್ತು."

"ಅಭ್ಯಾಸ ಆಗಿ ಐದೂವರೆಗೇ ಎದ್ದು ಟಾರ್ಚ್ ಹಿಡ್ಕೊಂಡು ಕೂತಿದೀನಿ. ಈಗ ಎಂತ ಮಾಡ್ಬೇಕು ಅಂತ ತಿಳೀತಿಲ್ಲ ಮಾರಾಯ್ರೆ." ಇಬ್ಬರೂ ನಕ್ಕೆವು.

ಹೂವಪ್ಪ ಸಂಕದ ಕಂಬದ ಹತ್ತಿರ ನಿಂತಿದ್ದರಂತೆ. ಚುರ್ ಸದ್ದು ಇರಲಿಲ್ಲ, ಹಕ್ಕಿ ಸದ್ದು ಬಿಟ್ಟರೆ ಬೇರೆ ಏನೂ ಕೇಳಲಿಲ್ಲ ಎಂದು ಆಮೇಲೆ ಹೇಳಿದರು. ಆ ಚಳಿಗಾಲ ಮುಗಿಯುವವರೆಗೆ ಹೊಳೆಕೊಪ್ಪ ಲೈನು ಬೆಳಗಿನ ಹೊತ್ತು ಒಮ್ಮೆಯೂ ಹೋಗಲಿಲ್ಲ. ಸರೋಜಮ್ಮ ಮುಂದಿನ ಎರಡು ವರ್ಷ ಆ ಕಿಟಕಿಯ ಪಕ್ಕ ಕೂತಿದ್ದರು. ನಾನು ವರ್ಗವಾಗಿ ಹೋಗುವವರೆಗೂ ಆಗಾಗ ಹೋಗಿ ಅವರ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದೆ.

ನೋಟಿಸು ಮಾತ್ರ ಫೈಲಿನಲ್ಲಿ ಹಾಗೇ ಉಳಿದಿತ್ತು. "ವಾಪಸ್ ತಗೋಬೇಕಾದ್ರೂ ಅವರ ಉತ್ತರ ಫೈಲಲ್ಲಿ ಇರಬೇಕು," ಅಂದರು ಸಾಹೇಬರು. ನಾನು ಆಫೀಸಿನ ಭಾಷೆಯಲ್ಲಿ ಚೆನ್ನಾಗಿ ಬರೆದುಕೊಡುತ್ತೇನೆ ಎಂದೆ. ಹೂವಪ್ಪ ಬೇಡ ಎಂದರು. ಮನೆಯಲ್ಲಿ ಕೂತು, ಮಗಳ ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ, ಗುಂಡು ಅಕ್ಷರದಲ್ಲಿ ಬರೆದು ತಂದರು. ಅದರಲ್ಲಿ ತಮ್ಮದೂ ತಪ್ಪು ಎಂದು ಬರೆದ ಒಂದು ಸಾಲನ್ನು ತೆಗೆಯಿರಿ ಎಂದು ಬೇಡಿಕೊಂಡೆ. "ನಿಜ ಅಲ್ವಾ ಮೇಡಂ, ಇರ್ಲಿ," ಅಂದರು. ನಾನು ಅದರ ಜೊತೆಗೆ, ಮೊದಲ ವರದಿ ನನ್ನ ತಪ್ಪು ಎಂದು ಒಂದು ಪುಟ ಬರೆದು ಸಹಿ ಮಾಡಿ ಕಳಿಸಿದೆ. ನೋಟಿಸು ರದ್ದಾಯಿತು. ಕಳಿಸುವ ಮುಂಚೆ ಅವರ ಕಾಗದವನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡೆ. ಫೋನ್ ಬದಲಾದಾಗಲೆಲ್ಲ ಅದನ್ನೂ ಹೊಸದಕ್ಕೆ ದಾಟಿಸಿಕೊಳ್ಳುತ್ತ ಬಂದಿದ್ದೇನೆ. ಅದರಲ್ಲಿರುವುದು ಇಷ್ಟು:

"ಮಾನ್ಯರೇ, ನಾನು ದಿನಾ ಗಸ್ತು ಹೋಗಿದ್ದೇನೆ. ನಾನು ಹೋಗುವಷ್ಟರಲ್ಲಿ ಹುಲ್ಲು ಒದ್ದೆ ಇದ್ದರೂ ಕಂಬದ ತಲೆಗೆ ಬಿಸಿಲು ಬಿದ್ದು ಒಣಗಿರುತ್ತಿತ್ತು. ಆದ್ದರಿಂದ ದೋಷ ಕಾಣಲಿಲ್ಲ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ಇಬ್ಬನಿ ಜಾಸ್ತಿ ಆಗುತ್ತದೆ. ಇನ್ಸುಲೇಟರ್ ಮೇಲೆ ರಸ್ತೆಯ ದೂಳು ಕೂತಿತ್ತು. ಇಬ್ಬನಿ ಅದನ್ನು ಕೆಸರು ಮಾಡಿತು. ಕರೆಂಟು ಕೆಸರಿನ ಮೇಲೆ ಹರಿದು ಲೈನ್ ಟ್ರಿಪ್ ಆಯಿತು. ಇದನ್ನು ನಾನು ಇನ್ನೂ ಬೇಗ ತಿಳಿಯಬೇಕಿತ್ತು. ಅಷ್ಟು ನನ್ನ ತಪ್ಪು. ಇಬ್ಬನಿ ಆಗುವುದನ್ನು ತಡೆಯಲು ನನ್ನಿಂದ ಆಗುವುದಿಲ್ಲ. ದೂಳು ಒರೆಸಲು ಆಗುತ್ತದೆ. ಒರೆಸಿದ್ದೇನೆ."